ಚೋಕ್ ಪುರಾಣ

ರಿಯಾಕ್ಟರ್ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು ಕೈಗಾ. ನಾನು ಹೇಳಹೊರಟಿರೋ ರಿಯಾಕ್ಟರಿಗೂ ಅಣುವಿಗೂ ಏನೂ ಸಂಬಂಧ ಇಲ್ಲ. ಇದು ಕಬ್ಬಿಣದ ತಗಡುಗಳ ಮೇಲೆ ಸುತ್ತಿದ ತಾಮ್ರದ ತಂತಿ, ಅಷ್ಟೆ. ಮೂವತ್ತು ದಾಟಿದವರಿಗೆಲ್ಲ ಇದರ ತಮ್ಮನ ಪರಿಚಯ ಇದ್ದೇ ಇರುತ್ತೆ. ಹಳೇ ಟ್ಯೂಬ್‌ಲೈಟಿನ ಪಟ್ಟಿಯೊಳಗೆ ಕೂತು ಗುಂಯ್ ಅಂತಿದ್ದ, ಕೈಗೆತ್ತಿಕೊಂಡರೆ ಇಷ್ಟು ಚಿಕ್ಕದಕ್ಕೆ ಇಷ್ಟು ಭಾರವಾ ಅನ್ನಿಸುತ್ತಿದ್ದ ಚೋಕ್. ಅದನ್ನೇ ದಪ್ಪ ಮಾಡಿ, ಮೂರು ಫೇಸಿಗೆ ಮೂರು ಸುರುಳಿ ಸುತ್ತಿ, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವಿನ ಮುಂದೆ ಕೂರಿಸಿದರೆ ಅದಕ್ಕೆ ಲೈನ್ ರಿಯಾಕ್ಟರ್ ಅಂತ ದೊಡ್ಡ ಹೆಸರು.

ಅದು ಮಾಡೋ ಕೆಲಸ ಒಂದೇ. ತನ್ನ ಮೂಲಕ ಹರಿಯೋ ಕರೆಂಟು ದಿಢೀರ್ ಅಂತ ಏರೋದಕ್ಕೂ ಬಿಡಲ್ಲ, ದಿಢೀರ್ ಅಂತ ಇಳಿಯೋದಕ್ಕೂ ಬಿಡಲ್ಲ. ಬೀಸುಕಲ್ಲಿನ ಹಾಗೆ. ಶುರು ಮಾಡಲು ಒಂದಷ್ಟು ಬಲ ಬೇಕು, ಕೈ ಬಿಟ್ಟ ಮೇಲೂ ಒಂದೆರಡು ಸುತ್ತು ತಿರುಗುತ್ತೆ. ನಮ್ಮ ಬ್ಯಾಕೆಂಡ್ ಮಂದಿಗೆ ಹೇಳೋದಾದ್ರೆ ಇದು ರೇಟ್ ಲಿಮಿಟರ್. ರಿಕ್ವೆಸ್ಟುಗಳನ್ನು ತಿರಸ್ಕರಿಸಲ್ಲ, ಒಂದೇ ಕ್ಷಣಕ್ಕೆ ನುಗ್ಗಲು ಬಿಡಲ್ಲ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ. ಅಷ್ಟು ಹಳೇ ಸಾಮಾನು ಇವತ್ತಿನ ಎಲೆಕ್ಟ್ರಾನಿಕ್ಸಿಗೆ ಯಾಕೆ ಬೇಕು ಅನ್ನೋದೇ ಈ ಪುರಾಣ. ಅದು ಶುರುವಾಗೋದು ಕಾವೇರಿ ದಡದಲ್ಲಿ.

1902ರ ಜೂನ್ ಕೊನೆಗೆ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ದೂರ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಯ ಹಿಂದೆ ಇದ್ದವರು ಎಂಜಿನಿಯರ್ ಡಿ ಲೋಟ್‌ಬಿನಿಯೇರ್ ಮತ್ತು ದಿವಾನ್ ಶೇಷಾದ್ರಿ ಅಯ್ಯರ್. ಅಯ್ಯರ್ 1901ರಲ್ಲೇ ತೀರಿಕೊಂಡರು, ದೀಪ ಹತ್ತಿದ್ದನ್ನು ನೋಡಲಿಲ್ಲ. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವೀಸ್‌ನದು, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಈ ಕಂಪನಿಯ ಹೆಸರು ಮತ್ತು ಅದರ ಮುಖ್ಯ ಕಾರ್ಖಾನೆ ಇದ್ದ ಷೆನೆಕ್ಟಡಿ ಎಂಬ ಊರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಶಾಲೆಯ ಪುಸ್ತಕ ಹೇಳದ ಒಂದು ಸಂಗತಿ ಇದೆ. ಶಿವನಸಮುದ್ರದಿಂದ ಹೊರಟ ಕರೆಂಟು ಇವತ್ತಿನ ಹಾಗೆ ಸೆಕೆಂಡಿಗೆ 50 ಸಲ ಅಲ್ಲ, 25 ಸಲ ಏರಿಳಿಯುತ್ತಿತ್ತು. ನಯಾಗರಾ ಜಲಪಾತದ ಕೇಂದ್ರವೂ 25 ಸೈಕಲ್ಲಿನದೇ. ಆಗಿನ ದೊಡ್ಡ ಮೋಟಾರುಗಳಿಗೆ ಕಡಿಮೆ ಸೈಕಲ್ ಒಗ್ಗುತ್ತಿತ್ತು. ಬಲ್ಬುಗಳಿಗೆ ಒಗ್ಗುತ್ತಿರಲಿಲ್ಲ, 25 ಸೈಕಲ್ಲಿನಲ್ಲಿ ಬಲ್ಬು ಸಣ್ಣಗೆ ಮಿಣುಕುತ್ತೆ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿ ಬೆಳಗಿದ್ದು ಇದೇ ಶಿವನಸಮುದ್ರದ ಕರೆಂಟಿನಿಂದ. ಗಣಿಗೆ ಅಂತ ಹೊಲಿದ ಅಂಗಿಯನ್ನು ಊರಿಗೂ ತೊಡಿಸಿದ ಹಾಗೆ.

ಈ ಸೈಕಲ್ ಲೆಕ್ಕಕ್ಕೂ ಮೋಟಾರಿನ ವೇಗಕ್ಕೂ ಬಿಡಿಸಲಾಗದ ಗಂಟು. ಇಂಡಕ್ಷನ್ ಮೋಟಾರ್ ಎಷ್ಟು ಜೋರಾಗಿ ತಿರುಗಬೇಕು ಅಂತ ತೀರ್ಮಾನಿಸೋದು ಅದನ್ನು ಕೊಂಡವನಲ್ಲ, ದೂರದ ಜನರೇಟರು. 50 ಸೈಕಲ್ಲಿಗೆ ನಾಲ್ಕು ಪೋಲಿನ ಮೋಟಾರಿನೊಳಗಿನ ಅಯಸ್ಕಾಂತದ ಅಲೆ ನಿಮಿಷಕ್ಕೆ 1500 ಸುತ್ತು ಹಾಕುತ್ತೆ, ರೋಟರು ಅದರ ಹಿಂದೆ ಸ್ವಲ್ಪ ಜಾರುತ್ತಾ ಓಡುತ್ತೆ. ಅದಕ್ಕೇ ಹಿಟ್ಟಿನ ಗಿರಣಿಯ ಮೋಟ್ರಿನ ತಗಡಿನ ಮೇಲೆ 1440 ಅಂತ ಕೆತ್ತಿರೋದು. ಸವಳಂಗದಲ್ಲಿ ಇಂಗ್ಲಿಷ್ ಬಾರದವರಿಗೂ ಆ ಸಂಖ್ಯೆ ಬಾಯಿಪಾಠ. ವೇಗ ಬದಲಾಗಬೇಕೇ? ಪುಲ್ಲಿ ಬದಲಿಸು, ಬೆಲ್ಟು ಬದಲಿಸು. ಮೋಟ್ರಿನ ತಂಟೆಗೆ ಮಾತ್ರ ಹೋಗಬೇಡ.

ನಮ್ಮ ಸೀಮೆಗೆ ಕರೆಂಟು ಬಂದಿದ್ದು ಕಾವೇರಿಯಿಂದಲ್ಲ, ಶರಾವತಿಯಿಂದ. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾಯಿತು. 1957ರಲ್ಲಿ ಕೆಇಬಿ ಬಂತು. 1965ರ ಹೊತ್ತಿಗೆ ಶರಾವತಿಯ ದೊಡ್ಡ ಕೇಂದ್ರವೂ ಕೆಲಸ ಶುರು ಮಾಡಿತು. ಆಗ ಸವಳಂಗ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯ್ತು, ಈಗ ನ್ಯಾಮತಿ ತಾಲ್ಲೂಕು. ಶಿವಮೊಗ್ಗದಲ್ಲಿ ಇವತ್ತಿಗೂ ಸವಳಂಗ ರಸ್ತೆ ಅನ್ನೋದು ಊರಿಗಿಂತ ಹೆಚ್ಚು ಪ್ರಸಿದ್ಧಿ. ಮೋಟಾರುಗಳೂ ನಮ್ಮವೇ ಆದವು. ಕಿರ್ಲೋಸ್ಕರ್ ಎಲೆಕ್ಟ್ರಿಕ್ 1946ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿತ್ತು. 1956ರಲ್ಲಿ ಮೈಸೂರು ಸರ್ಕಾರ ಎನ್‌ಜಿಇಎಫ್ ಕಟ್ಟಿತು, ಜರ್ಮನಿಯ ಎಇಜಿ ಜತೆಗೂಡಿ. ಬೈಯಪ್ಪನಹಳ್ಳಿಯ ಆ ಜಾಗದ ಪಕ್ಕದಲ್ಲೇ ಇವತ್ತು ನೀವು ಮೆಟ್ರೋ ಹತ್ತೋದು.

ಆ ಕಾಲದ ಮೋಟಾರುಗಳಲ್ಲಿ ಒಂದು ಗುಣ ಇತ್ತು. ಅವು ಲೈನಿನಿಂದ ಕರೆಂಟನ್ನು ಎಳೆಯುತ್ತಿದ್ದದ್ದು ನುಣುಪಾದ ಅಲೆಯ ಆಕಾರದಲ್ಲೇ. ಶುರುವಾಗುವಾಗ ಆರು ಪಟ್ಟು ಕರೆಂಟು ಕುಡಿದು ಊರಿನ ಬಲ್ಬು ಮಂಕಾಗಿಸುತ್ತಿದ್ದವು, ನಿಜ. ಆಮೇಲೆ ತೆಪ್ಪಗೆ. ಮೋಟಾರು ಅನ್ನೋದೇ ಒಂದು ದೊಡ್ಡ ಸುರುಳಿಯಲ್ವಾ? ಅದರ ಚೋಕು ಅದರ ಹೊಟ್ಟೆಯಲ್ಲೇ ಇತ್ತು.

ಅಲೆ ಕೆಟ್ಟರೆ ಏನಾಗುತ್ತೆ ಅನ್ನೋದು ಹೊಸ ಜ್ಞಾನವೇನಲ್ಲ. 1893ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಒಂದು ಮೋಟಾರು ಕಾರಣವಿಲ್ಲದೆ ಕಾಯುತ್ತಿತ್ತು. ಜನರಲ್ ಎಲೆಕ್ಟ್ರಿಕ್‌ನ ಚಾರ್ಲ್ಸ್ ಸ್ಟೈನ್‌ಮೆಟ್ಜ್ ತಂಡ ಅಲೆಯನ್ನು ಬಿಡಿಸಿ ನೋಡಿತು. ಮುಖ್ಯ ಅಲೆಯ ಬೆನ್ನ ಮೇಲೆ ಅದರ ಹಲವು ಪಟ್ಟು ವೇಗದ ಮರಿ ಅಲೆಗಳು ಕೂತಿದ್ದವು. ಸಂಗೀತದಿಂದ ಹೆಸರು ಎರವಲು ತಂದು ಅವಕ್ಕೆ ಹಾರ್ಮೋನಿಕ್ಸ್ ಅಂದರು. ತಂಬೂರಿಯ ಒಂದು ತಂತಿಯಲ್ಲಿ ಹಲವು ಸ್ವರ ಕೇಳಿಸಿದರೆ ಇಂಪು. ಮೋಟಾರಿನಲ್ಲಿ ಅದೇ ಆದರೆ ಬಿಸಿ. ಶಿವನಸಮುದ್ರಕ್ಕೆ ಇನ್ನೂ ಜಾಗ ನೋಡುತ್ತಿದ್ದ ಕಾಲಕ್ಕೇ ಈ ರೋಗಕ್ಕೆ ಹೆಸರಿತ್ತು.

ಇನ್ನು ವೇಗದ ಹಂಬಲ. 1891ರಲ್ಲಿ ವಾರ್ಡ್ ಲಿಯೊನಾರ್ಡ್ ಎಂಬಾತ ಒಂದು ಉಪಾಯ ಮಾಡಿದ. ಒಂದು ಮೋಟಾರು, ಅದು ತಿರುಗಿಸುವ ಒಂದು ಡಿಸಿ ಜನರೇಟರು, ಅದರಿಂದ ಓಡುವ ಇನ್ನೊಂದು ಡಿಸಿ ಮೋಟಾರು. ಒಂದು ಕೆಲಸಕ್ಕೆ ಮೂರು ಯಂತ್ರ. ಲಿಫ್ಟು, ಗಣಿಯ ಎತ್ತುಯಂತ್ರ, ರೋಲಿಂಗ್ ಮಿಲ್ಲುಗಳು ದಶಕಗಟ್ಟಲೆ ಹೀಗೇ ನಡೆದವು. ಆಮೇಲೆ ಪಾದರಸದ ರೆಕ್ಟಿಫೈಯರ್ ಬಂತು. 1957ರಲ್ಲಿ ಥೈರಿಸ್ಟರ್ ಬಂತು, ಅದೂ ಜನರಲ್ ಎಲೆಕ್ಟ್ರಿಕ್‌ನಿಂದಲೇ. ಇವೆಲ್ಲ ದೊಡ್ಡ ಕಾರ್ಖಾನೆಗಳ ಮಾತು. ಗಿರಣಿಯವನ ಪಾಲಿಗೆ ಪುಲ್ಲಿಯೇ ಗತಿ.

ಗಿರಣಿಯವನ ತನಕ ವಿದ್ಯೆ ಇಳಿದಿದ್ದು ಹೇಗೆ ಅನ್ನೋದರಲ್ಲಿ ನಮ್ಮ ಹುಡುಗನೊಬ್ಬನ ಕೈ ಇದೆ. ಬಿ. ಜಯಂತ್ ಬಾಳಿಗಾ ಬೆಳೆದಿದ್ದು ಜಾಲಹಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ತಂದೆ ವಿಠ್ಠಲ ಬಾಳಿಗಾ ಬಿಇಎಲ್‌ನಲ್ಲಿದ್ದವರು. ಜಯಂತ್ ಮದರಾಸಿನ ಐಐಟಿಯಲ್ಲಿ ಬಿ.ಟೆಕ್ ಮಾಡಿ ಅಮೆರಿಕಕ್ಕೆ ಹೋಗಿ, 1974ರಲ್ಲಿ ಸೇರಿದ್ದು ಅದೇ ಷೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್‌ಗೆ. 1980ರಲ್ಲಿ ಕಂಪನಿಗೆ ಮೋಟಾರಿನ ವೇಗ ಬದಲಿಸುವ ಅಗ್ಗದ ಡ್ರೈವ್ ಬೇಕಿತ್ತು, ಏರ್ ಕಂಡೀಷನರುಗಳಿಗೆ. ಬಾಳಿಗಾ ಅದಕ್ಕೆ ಸೂಚಿಸಿದ ಸ್ವಿಚ್ಚೇ ಐಜಿಬಿಟಿ. ಬೇರೆಯವರೂ ಆ ದಾರಿಯಲ್ಲಿ ಕೆಲಸ ಮಾಡಿದ್ದರು, ಆದರೆ ಅದನ್ನು ಪ್ರಯೋಗಾಲಯದಿಂದ ಕಾರ್ಖಾನೆಗೆ ತಂದವರಲ್ಲಿ ಇವರದೇ ಮೊದಲ ಹೆಸರು. 2024ರಲ್ಲಿ ಫಿನ್‌ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಂದಾಗ ನಮ್ಮ ಚಾನೆಲ್ಲುಗಳಲ್ಲಿ ಅದು ಎಷ್ಟು ಹೊತ್ತು ಓಡಿತೋ ನೀವೇ ನೆನಪು ಮಾಡಿಕೊಳ್ಳಿ. ಷೆನೆಕ್ಟಡಿಯ ಕಂಪನಿ ಕಾವೇರಿಗೆ ಯಂತ್ರ ಕಳಿಸಿ ನಮ್ಮ ಮೋಟಾರುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕಿತ್ತು. ಜಾಲಹಳ್ಳಿಯ ಹುಡುಗ ಎಪ್ಪತ್ತೆಂಟು ವರ್ಷದ ಮೇಲೆ ಅದೇ ಕಂಪನಿಯಲ್ಲಿ ಕೂತು ಹಗ್ಗ ಬಿಚ್ಚಿದ. ಇವತ್ತು ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಧಡ್ ಅನ್ನದೆ ನಿಲ್ಲೋದು, ಇನ್ವರ್ಟರ್ ಎಸಿ ಪಿಸುಗುಟ್ಟೋದು, ಎಲ್ಲ ಈ ಸ್ವಿಚ್ಚಿನ ಕೆಲಸ.

ಬಿಚ್ಚಿದ ಹಗ್ಗಕ್ಕೆ ಒಂದು ಬೆಲೆ ಇತ್ತು. ಡ್ರೈವು ಮೊದಲು ಎಸಿಯನ್ನು ಡಿಸಿ ಮಾಡಿ ಕೆಪಾಸಿಟರಿನಲ್ಲಿ ತುಂಬಿಟ್ಟುಕೊಳ್ಳುತ್ತೆ, ಆಮೇಲೆ ತನಗೆ ಬೇಕಾದ ಸೈಕಲ್ಲಿನ ಎಸಿಯಾಗಿ ಕತ್ತರಿಸಿ ಮೋಟಾರಿಗೆ ಕೊಡುತ್ತೆ. ತೊಂದರೆ ಇರೋದು ತುಂಬಿಸಿಕೊಳ್ಳುವ ರೀತಿಯಲ್ಲಿ. ದನದ ಬಾನಿಯೊಂದನ್ನು ಕಾಲುವೆ ಪಕ್ಕ ಇಟ್ಟಿದ್ದೀರಿ, ಅದು ಆಗಲೇ ಕಂಠದ ತನಕ ತುಂಬಿದೆ ಅಂದುಕೊಳ್ಳಿ. ಕಾಲುವೆಯ ನೀರು ಅಲೆ ಅಲೆಯಾಗಿ ಬರ್ತಿದೆ. ಅಲೆಯ ನೆತ್ತಿ ಬಾನಿಯ ಮಟ್ಟಕ್ಕಿಂತ ಮೇಲೆ ಬಂದ ಆ ಒಂದು ಕ್ಷಣ ಮಾತ್ರ ನೀರು ಒಳಗೆ ನುಗ್ಗುತ್ತೆ. ಬಾಕಿ ಹೊತ್ತು ಒಂದು ಹನಿಯೂ ಇಲ್ಲ. 415 ವೋಲ್ಟಿನ ಲೈನಿನಲ್ಲಿ ಡ್ರೈವಿನ ಬಾನಿಯ ಮಟ್ಟ ಸುಮಾರು 560 ವೋಲ್ಟು ಡಿಸಿ. ಇಡೀ ಅಲೆಯುದ್ದಕ್ಕೂ ನಿಧಾನವಾಗಿ ಕುಡಿಯಬೇಕಾದ್ದನ್ನು ನೆತ್ತಿಯ ಆಚೀಚೆ ಎರಡು ಗುಟುಕಿಗೆ ಮುಗಿಸುತ್ತೆ. ಈ ಗುಟುಕುಗಳನ್ನು ಸ್ಟೈನ್‌ಮೆಟ್ಜ್ ಹಾಗೆ ಬಿಡಿಸಿದರೆ ಮೂಲದ ಐದು ಪಟ್ಟಿನ 250 ಸೈಕಲ್, ಏಳು ಪಟ್ಟಿನ 350 ಸೈಕಲ್, ಹೀಗೆ ಮರಿ ಅಲೆಗಳು ಸಿಗುತ್ತವೆ.

ಈ ಗುಟುಕು ಕುಡಿದವನ ಹೊಟ್ಟೆಯನ್ನಷ್ಟೇ ಕೆಡಿಸಲ್ಲ. ಒಂದೇ ಟಿಸಿಯಿಂದ ಕರೆಂಟು ತಗೊಳ್ಳೋ ಪಕ್ಕದ ತೋಟದವನ ಬೋರಿನ ಮೋಟ್ರು ಡ್ರೈವೇ ಇಲ್ಲದ್ದು ಅಂತಿಟ್ಟುಕೊಳ್ಳಿ. ಅದಕ್ಕೂ ಈ ಕೆಟ್ಟ ಅಲೆ ತಲುಪುತ್ತೆ. ಐದನೆಯ ಮರಿ ಅಲೆಯ ವಿಶೇಷ ಏನಂದ್ರೆ ಅದು ಮೋಟಾರಿನೊಳಗೆ ಉಲ್ಟಾ ದಿಕ್ಕಿಗೆ ತಿರುಗುತ್ತೆ. ಮೋಟ್ರು ಮುಂದಕ್ಕೆ ಓಡ್ತಾ ಇದ್ರೆ ಇದು ಹಿಂದಕ್ಕೆ ಎಳೆಯುತ್ತೆ, ಆ ಜಗ್ಗಾಟ ಬಿಸಿಯಾಗುತ್ತೆ. ಟಿಸಿಯೊಳಗೂ ಅಷ್ಟೆ. ಸುರುಳಿಗಳಲ್ಲಿ ಸುಳಿ ಕರೆಂಟಿನಿಂದಾಗುವ ನಷ್ಟ ಸೈಕಲ್ಲಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಅಷ್ಟೇ ಆಂಪಿಯರು ಐದನೆಯ ಅಲೆಯಲ್ಲಿ ಹರಿದರೆ ಆ ನಷ್ಟ 25 ಪಟ್ಟು. ಹಳ್ಳಿಯಲ್ಲಿ ಟಿಸಿ ಸುಟ್ಟರೆ ಏನಾಗುತ್ತೆ ಅಂತ ಬೆಂಗಳೂರಿನಲ್ಲೇ ಹುಟ್ಟಿದವರಿಗೆ ಹೇಳಬೇಕು. ತೋಟದ ಯಜಮಾನರೆಲ್ಲ ಸೇರಿ ಟ್ರ್ಯಾಕ್ಟರ್ ಹೊಂದಿಸಬೇಕು, ಆಫೀಸಿಗೆ ಅಲೆಯಬೇಕು. ಬೇರೆ ಟಿಸಿ ಬರೋ ಹೊತ್ತಿಗೆ ಅಡಿಕೆ ಸಸಿ ಬಾಡಿರುತ್ತೆ. ಸುಟ್ಟಿದ್ದಕ್ಕೆ ಕಾರಣ ಓವರ್‌ಲೋಡ್ ಅಂತ ಒಂದೇ ಪದದಲ್ಲಿ ಮುಗಿದಿರುತ್ತೆ. ಬಹಳ ಸಲ ಅದು ನಿಜವೂ ಹೌದು. ಆದರೆ ಅಲೆಯ ಆಕಾರ ಅಲ್ಲಿ ಯಾರೂ ನೋಡಿರಲ್ಲ. ಬಂಗಾರಪ್ಪನವರ ಸರ್ಕಾರ ತೊಂಬತ್ತರ ದಶಕದ ಶುರುವಿನಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಮಾಡಿದ ಮೇಲೆ ಮೀಟರೇ ಅಪರೂಪ, ಇನ್ನು ಹಾರ್ಮೋನಿಕ್ಸ್ ಅಳೆಯೋ ಮಾತೆಲ್ಲಿ?

ನಮ್ಮ ಚಿಕ್ಕಪ್ಪನ ಹಿಟ್ಟಿನ ಗಿರಣಿಗೆ 10 ಎಚ್‌ಪಿ ಮೋಟ್ರು. ಸ್ಟಾರ್ಟ್ ಆಗುವಾಗ ಬೆಲ್ಟು ಒದರುತ್ತೆ, ರಾಗಿಗೂ ಮೆಕ್ಕೆಜೋಳಕ್ಕೂ ಒಂದೇ ಸ್ಪೀಡು ಆಗಲ್ಲ ಅಂತ ಡ್ರೈವ್ ಹಾಕಿಸಿದರು. ಮೊದಲ ಆರು ತಿಂಗಳು ಭಾರಿ ಖುಷಿ. ಆಮೇಲೆ ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಡ್ರೈವು ತನ್ನಷ್ಟಕ್ಕೆ ನಿಂತು, ಪರದೆ ಮೇಲೆ ‘ಓವಿ’ ಅಂತ ತೋರಿಸೋಕೆ ಶುರುವಾಯ್ತು. ವೋಲ್ಟೇಜು ಮಿತಿ ಮೀರಿತು ಅಂತ ಅರ್ಥ. ಒಂದು ಮಳೆಗಾಲದಲ್ಲಿ ಒಳಗಿನ ಡಯೋಡುಗಳೇ ಹೋದವು. ರಿಪೇರಿ ಮಾಡಿಸಿ ತಂದರು. ಮುಂದಿನ ವರ್ಷ ಮತ್ತೆ.

‘ಏ ತಮ್ಮಾ, ನೀನು ಕರೆಂಟಿಂದೇ ಓದಿದ್ದಲ್ಲ? ಇದಕ್ಕೇನು ಬಂದೈತೆ ನೋಡು. ಹಳೇ ಮೋಟ್ರು ನಮ್ಮಪ್ಪನ ಕಾಲದ್ದು, ಅದಕ್ಕೇನೂ ಆಗಿಲ್ಲ,’ ಅಂದರು ಫೋನಿನಲ್ಲಿ.

ನಾನು ಬಿ.ಇ. ಓದಿದ್ದು ಎಲೆಕ್ಟ್ರಿಕಲ್, ಅನ್ನ ತಿನ್ನೋದು ಜಾವಾದಲ್ಲಿ. ಆದರೂ ಆ ಒಂದೇ ಹೊತ್ತು ಅನ್ನೋದು ಕಿವಿ ನಿಮಿರಿಸಿತು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕೊಡೋದು ದಿನಕ್ಕೆ ಕೆಲವೇ ಗಂಟೆ. ಆ ಹೊತ್ತು ಮುಗಿದಾಗ ಸುತ್ತಲಿನ ಹೊರೆಯೆಲ್ಲ ಒಮ್ಮೆಗೇ ಇಳಿಯುತ್ತೆ, ವೋಲ್ಟೇಜು ಜಿಗಿಯುತ್ತೆ. ಸಬ್‌ಸ್ಟೇಷನ್ನುಗಳಲ್ಲಿ ವೋಲ್ಟೇಜು ಎತ್ತಿ ಹಿಡಿಯೋಕೆ ಕೆಪಾಸಿಟರ್ ಬ್ಯಾಂಕುಗಳಿರುತ್ತವೆ. ಅವನ್ನು ಲೈನಿಗೆ ಸೇರಿಸುವಾಗ ಒಂದು ಹೊಡೆತ ಲೈನುದ್ದಕ್ಕೂ ಓಡುತ್ತೆ. ಹಳೇ ಮೋಟ್ರಿಗೆ ಅದು ಸೊಳ್ಳೆ ಕಡಿದ ಹಾಗೆ, ಅದರ ಸುರುಳಿಯೇ ತಡೆಯುತ್ತೆ. ಡ್ರೈವಿನ ಬಾನಿಗೆ ಮಾತ್ರ ಒಂದೇ ಸಲಕ್ಕೆ ಕೊಡಗಟ್ಟಲೆ ಸುರಿದ ಹಾಗೆ. ಸುಮಾರು 800 ವೋಲ್ಟು ದಾಟಿದರೆ ಡ್ರೈವು ಹೆದರಿ ಕಣ್ಣು ಮುಚ್ಚುತ್ತೆ. ಅದರ ಮೇಲೆ ಹಳ್ಳಿಯ ಲೈನಿನಲ್ಲಿ ಮೂರು ಫೇಸೂ ಸಮ ಇರೋದು ಅಪರೂಪ. ಫೇಸುಗಳ ನಡುವೆ ಎರಡು ಮೂರು ಪರ್ಸೆಂಟ್ ವೋಲ್ಟಿನ ವ್ಯತ್ಯಾಸ ಇದ್ದರೂ ಸಾಕು, ಮೇಲಿರುವ ಫೇಸಿನ ಡಯೋಡುಗಳೇ ಬಹುಪಾಲು ಗುಟುಕು ಹೊರುತ್ತವೆ.

ಕೊಟೇಶನ್ ತೆಗೆಸಿ ವಾಟ್ಸಾಪ್ ಮಾಡಿಸಿದೆ. ಎರಡನೇ ಪುಟದ ಕೆಳಗೆ ಇತ್ತು: ಎಸಿ ಲೈನ್ ಚೋಕ್, ಆಪ್ಷನಲ್. ಬೆಲೆಯ ಕಾಲಂ ಖಾಲಿ. ಡ್ರೈವ್ ಮಾರಿದವರಿಗೆ ಫೋನ್ ಮಾಡಿದರೆ ‘ಅದೆಲ್ಲ ಫ್ಯಾಕ್ಟರಿಗೆ ಸಾರ್, ಗಿರಣಿಗೆ ಬೇಕಾಗಲ್ಲ’ ಅಂದರು. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಫ್ಯಾಕ್ಟರಿಗೆ ಸ್ವಂತ ಟ್ರಾನ್ಸ್‌ಫಾರ್ಮರ್ ಇರುತ್ತೆ, ಎಲೆಕ್ಟ್ರಿಕಲ್ ಎಂಜಿನಿಯರ್ ಇರ್ತಾನೆ, ಒಳ್ಳೇ ಲೈನೂ ಇರುತ್ತೆ. ಕೆಟ್ಟ ಲೈನಿನ ಕೊನೆಯಲ್ಲಿ ಒಬ್ಬನೇ ಕೂತಿರೋ ಗಿರಣಿಯವನಿಗೇ ಇದು ಮೊದಲು ಬೇಕು. ದೊಡ್ಡ ಡ್ರೈವುಗಳಲ್ಲಿ ಎಷ್ಟೋ ಕಂಪನಿಗಳು ಒಳಗೇ ಒಂದು ಡಿಸಿ ಚೋಕ್ ಕೂರಿಸಿರ್ತವೆ. ಚಿಕ್ಕದರಲ್ಲಿ, ಎಲ್ಲಿ ನೂರು ರೂಪಾಯಿಗೂ ಚೌಕಾಸಿ ನಡೆಯುತ್ತೋ ಅಲ್ಲಿ, ಮೊದಲು ಉದುರೋದು ತಾಮ್ರ ಮತ್ತು ಕಬ್ಬಿಣ.

ಲೆಕ್ಕ ದೊಡ್ಡದಲ್ಲ. 10 ಎಚ್‌ಪಿಗೆ ಸುಮಾರು 14 ಆಂಪಿಯರ್. ಒಂದು ಫೇಸಿನ 240 ವೋಲ್ಟನ್ನು ಅದರಿಂದ ಭಾಗಿಸಿದರೆ ಸುಮಾರು 17 ಓಮ್. ಅದರ 3 ಪರ್ಸೆಂಟ್ ಅಂದ್ರೆ ಅರ್ಧ ಓಮ್, 50 ಸೈಕಲ್ಲಿಗೆ ಅದು 1.6 ಮಿಲಿಹೆನ್ರಿ. ಇಷ್ಟೇ ಇರೋ ಮೂರು ಸುರುಳಿ ಇಟ್ಟರೆ, ಚೋಕೇ ಇಲ್ಲದ ಡ್ರೈವಿನಲ್ಲಿ 80 ಪರ್ಸೆಂಟ್ ಮೀರಬಹುದಾದ ಕರೆಂಟಿನ ವಿಕಾರ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಗುಟುಕು ಅಗಲವಾಗಿ ತಗ್ಗುತ್ತೆ, ಕೆಪಾಸಿಟರು ತಣ್ಣಗಿರುತ್ತೆ, ಹೊರಗಿನ ಹೊಡೆತ ಡ್ರೈವಿನ ಬಾಗಿಲಿಗೆ ಬರೋ ಹೊತ್ತಿಗೆ ಮೆತ್ತಗಾಗಿರುತ್ತೆ. 5 ಪರ್ಸೆಂಟಿನದು ಹಾಕಿದರೆ ಇನ್ನೂ ಒಂದಿಷ್ಟು, ಆದರೆ ವೋಲ್ಟೇಜು ಮೊದಲೇ ಸೊರಗಿರೋ ಲೈನಿನಲ್ಲಿ ಚೋಕೇ ಮತ್ತಷ್ಟು ತಿನ್ನುತ್ತೆ ಅನ್ನೋದು ನೆನಪಿರಲಿ. ಸಿಡಿಲಿಗೆ ಇದು ಮದ್ದಲ್ಲ, ಅದಕ್ಕೆ ಸರ್ಜ್ ಅರೆಸ್ಟರ್ ಬೇರೆ, ಅರ್ತಿಂಗ್ ಬೇರೆ. ಒಂದು ಫೇಸೇ ಹೋದರೂ ಇದು ಕಾಯಲ್ಲ.

ನಿಯಮ ಇಲ್ಲ ಅಂತಲ್ಲ. ಅಮೆರಿಕದ ಐಇಇಇ ಸಂಸ್ಥೆ 1981ರಲ್ಲೇ 519 ಎಂಬ ಮಾರ್ಗಸೂಚಿ ತಂದಿತು. ನಮ್ಮ ಕೇಂದ್ರ ವಿದ್ಯುತ್ ಪ್ರಾಧಿಕಾರದ 2007ರ ನಿಯಮವೂ ವೋಲ್ಟೇಜಿನ ಒಟ್ಟು ವಿಕಾರ 5 ಪರ್ಸೆಂಟ್, ಕರೆಂಟಿನದು 8 ಪರ್ಸೆಂಟ್ ಮೀರಬಾರದು ಅಂದಿತ್ತು. ಅದು ದೊಡ್ಡ ಗ್ರಾಹಕರು ಗ್ರಿಡ್ಡಿಗೆ ಸೇರುವ ಜಾಗಕ್ಕೆ. ಬರೀ 3 ಪರ್ಸೆಂಟಿನ ಚೋಕು ಹಾಕಿ ಆ 8 ಮುಟ್ಟೋಕೂ ಆಗಲ್ಲ, ಅದಕ್ಕೆ ಫಿಲ್ಟರುಗಳು ಬೇಕು. ನಿಮ್ಮ ಟೆಕ್ ಪಾರ್ಕಿನ ನೆಲಮಾಳಿಗೆಯಲ್ಲಿ ಅವು ಇದ್ದರೂ ಇರಬಹುದು. ಗಿರಣಿಗೆ ಕೇಳುವವರಿಲ್ಲ, ಹೇಳುವವರೂ ಇಲ್ಲ.

ಕೊನೆಗೆ ಚಿಕ್ಕಪ್ಪ ಮೂರು ಫೇಸಿನ ಚೋಕ್ ತರಿಸಿ ಡ್ರೈವಿನ ಪಕ್ಕ ಗೋಡೆಗೆ ಬೋಲ್ಟು ಹಾಕಿಸಿದರು. ಎರಡು ಮಳೆಗಾಲ ಆಯ್ತು, ‘ಓವಿ’ ಅಪರೂಪಕ್ಕೊಮ್ಮೆ ಬರುತ್ತೆ, ಡಯೋಡು ಹೋಗಿಲ್ಲ. ಗಿರಣಿಗೆ ಬಂದವರು ಅದೇನು ಗುಂಯ್ ಅಂತೈತೆ ಅಂದರೆ ‘ಟ್ಯೂಬ್‌ಲೈಟಿನ ಅಣ್ಣ’ ಅಂತಾರಂತೆ.

ಈಗ ಊರಿನಲ್ಲಿ ಕೇಳಿಬರ್ತಿರೋದು ಸೋಲಾರ್ ಪಂಪಿನ ಮಾತು. ಕೇಂದ್ರದ ಕುಸುಮ್ ಯೋಜನೆ ಶುರುವಾಗಿದ್ದು 2019ರಲ್ಲಿ. ಅದರ ಕಂಟ್ರೋಲರ್ ಪೆಟ್ಟಿಗೆಯೂ ಒಳಗೆ ಡ್ರೈವೇ. ಹಲಗೆಯಿಂದ ನೇರ ಡಿಸಿ ಬರೋದರಿಂದ ಅಲ್ಲಿ ಲೈನೂ ಇಲ್ಲ, ಲೈನ್ ಚೋಕೂ ಬೇಡ. ಆದರೆ ನಮ್ಮ ಕಡೆ ಮೋಟ್ರು ಕೂತಿರೋದು ಬೋರಿನೊಳಗೆ ನೂರಾರು ಅಡಿ ಕೆಳಗೆ. ಐಜಿಬಿಟಿ ಕತ್ತರಿಸಿ ಕಳಿಸುವ ಚೂಪು ಅಲೆ ಅಷ್ಟುದ್ದ ಕೇಬಲ್ಲಿನ ಕೊನೆಗೆ ಹೋಗಿ ಗೋಡೆಗೆ ಹೊಡೆದ ಚೆಂಡಿನಂತೆ ಪುಟಿಯುತ್ತೆ, ಮೋಟ್ರಿನ ಬಾಯಲ್ಲಿ ವೋಲ್ಟೇಜು ಹೆಚ್ಚುಕಡಿಮೆ ಎರಡು ಪಟ್ಟಾಗಬಹುದು. ಮೊದಲು ಸುಡೋದು ಸುರುಳಿಯ ಮೊದಲ ಕೆಲವು ಸುತ್ತು. ಅಲ್ಲಿ ಚೋಕು ಬೇಕಾಗಿರೋದು ಡ್ರೈವಿನ ಹಿಂದಲ್ಲ, ಮುಂದೆ, ಮೋಟ್ರಿನ ಕಡೆಗೆ. ಅರ್ಜಿ ಹಾಕಿರೋ ನಮ್ಮ ಸೋದರಮಾವನಿಗೆ ಹೇಳಿದ್ದೀನಿ, ಸಹಿ ಹಾಕೋ ಮುಂಚೆ ಎರಡನೇ ಪುಟದ ಫೋಟೋ ಕಳಿಸು ಅಂತ.